ಫ್ರೆಂಚ್ ಟೋಸ್ಟ್

ಫ್ರೆಂಚ್ ಟೋಸ್ಟ್ ಎಂಬುದು ಬ್ರೆಡ್ಡಿನ ಹೋಳುಗಳನ್ನು ಮೊಟ್ಟೆ ಮತ್ತು ಹಾಲಿನ ಮಿಶ್ರಣದಲ್ಲಿ ನೆನೆಸಿ, ಬೆಣ್ಣೆ, ತುಪ್ಪ ಅಥವಾ ಎಣ್ಣೆಯಲ್ಲಿ ಕಾಯಿಸಿ ತಯಾರಿಸುವ ಒಂದು ತಿನಿಸು. ಇದನ್ನು ಬೆಳಗಿನ ಉಪಾಹಾರವಾಗಿಯೂ ಊಟದ ನಂತರದ ಸಿಹಿಯಾಗಿಯೂ ಸೇವಿಸುತ್ತಾರೆ. ಗಟ್ಟಿಯಾಗಿ ಹೋದ ಹಿಂದಿನ ದಿನದ ಬ್ರೆಡ್ಡನ್ನು ಎಸೆಯದೆ ಮತ್ತೆ ತಿನ್ನಲು ಯೋಗ್ಯವಾಗಿಸುವುದು ಈ ತಿನಿಸಿನ ಮೂಲ ಉದ್ದೇಶ. ಬ್ರೆಡ್ ನಿತ್ಯದ ಆಹಾರವಾಗಿರುವ ಅನೇಕ ದೇಶಗಳಲ್ಲಿ ಇದರ ಒಂದಲ್ಲ ಒಂದು ರೂಪ ಬಳಕೆಯಲ್ಲಿದೆ.

ಹೆಸರು

ಫ್ರಾನ್ಸಿನಲ್ಲಿ ಇದನ್ನು 'ಪೆಂ ಪೆರ್ದ್ಯು' ಎನ್ನುತ್ತಾರೆ. 'ಕಳೆದುಹೋದ ಬ್ರೆಡ್' ಎಂಬುದು ಇದರ ಅರ್ಥ. ಕೈಬಿಟ್ಟುಹೋಗಲಿದ್ದ ಆಹಾರವನ್ನು ಉಳಿಸಿಕೊಂಡ ಭಾವ ಈ ಹೆಸರಿನಲ್ಲಿದೆ. ಜರ್ಮನಿಯಲ್ಲಿ ಇದು 'ಆರ್ಮೆ ರಿಟ್ಟರ್', ಅಂದರೆ 'ಬಡ ಯೋಧರು'. ಸ್ಪೇನಿನಲ್ಲಿ 'ತೊರ್ರಿಹಾಸ್', ಪೋರ್ಚುಗಲ್ಲಿನಲ್ಲಿ 'ರಬನಾದ', ಇಂಗ್ಲೆಂಡಿನಲ್ಲಿ 'ಎಗ್ಗಿ ಬ್ರೆಡ್' ಎಂಬ ಹೆಸರುಗಳಿವೆ. ಭಾರತದಲ್ಲಿ 'ಬಾಂಬೆ ಟೋಸ್ಟ್' ಎಂಬ ಹೆಸರೂ ಕೇಳಿಬರುತ್ತದೆ.

ನ್ಯೂಯಾರ್ಕ್ ಪ್ರಾಂತದ ಆಲ್ಬನಿಯಲ್ಲಿ 1724ರಲ್ಲಿ ಜೋಸೆಫ್ ಫ್ರೆಂಚ್ ಎಂಬ ಹೋಟೆಲಿಗನು ಈ ತಿನಿಸನ್ನು ಕಂಡುಹಿಡಿದು ತನ್ನ ಹೆಸರಿಟ್ಟನೆಂಬ ಕತೆ ಪ್ರಚಲಿತವಾಗಿದೆ. ಆದರೆ 1660ರಲ್ಲಿ ಇಂಗ್ಲೆಂಡಿನ ಬಾಣಸಿಗ ರಾಬರ್ಟ್ ಮೇ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿಯೇ 'ಫ್ರೆಂಚ್ ಟೋಸ್ಟ್' ಎಂಬ ಪದ ಬರುವುದರಿಂದ ಈ ಕತೆ ನಿಲ್ಲುವುದಿಲ್ಲ. ಮೇ ವಿವರಿಸಿದ ತಿನಿಸಿನಲ್ಲಿ ಮೊಟ್ಟೆ ಇಲ್ಲ. ಸುಟ್ಟ ಬ್ರೆಡ್ಡನ್ನು ದ್ರಾಕ್ಷಾರಸದ ಮದ್ಯ, ಸಕ್ಕರೆ ಮತ್ತು ಕಿತ್ತಳೆ ರಸದಲ್ಲಿ ನೆನೆಸಲಾಗುತ್ತದೆ.

ಇತಿಹಾಸ

ಈ ಬಗೆಯ ತಿನಿಸಿನ ಹಳೆಯ ಉಲ್ಲೇಖ 'ಅಪೀಶಿಯಸ್' ಎಂಬ ಹೆಸರಿನಲ್ಲಿ ಉಳಿದುಬಂದಿರುವ ಲ್ಯಾಟಿನ್ ಪಾಕಗ್ರಂಥದಲ್ಲಿ ಸಿಗುತ್ತದೆ. ಬ್ರೆಡ್ಡಿನ ಹೊರಪದರವನ್ನು ತೆಗೆದು, ದೊಡ್ಡ ತುಂಡುಗಳಾಗಿ ಮುರಿದು, ಹಾಲಿನಲ್ಲಿ ನೆನೆಸಿ, ಎಣ್ಣೆಯಲ್ಲಿ ಕರಿದು, ಮೇಲೆ ಜೇನುತುಪ್ಪ ಸುರಿಯಬೇಕೆಂದು ಅದರಲ್ಲಿ ಹೇಳಿದೆ. 'ಮತ್ತೊಂದು ಸಿಹಿ' ಎಂಬುದನ್ನು ಬಿಟ್ಟರೆ ಅದಕ್ಕೆ ಬೇರೆ ಹೆಸರಿಲ್ಲ. ಫ್ರಾನ್ಸ್ ಎಂಬ ದೇಶ ರೂಪುಗೊಳ್ಳುವ ಮೊದಲೇ ಈ ಕ್ರಮ ತಿಳಿದಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಗಟ್ಟಿಯಾದ ಬ್ರೆಡ್ ಏಕೆ ಉತ್ತಮ

ಬ್ರೆಡ್ ಗಟ್ಟಿಯಾಗುವುದು ನೀರು ಆರುವುದರಿಂದ ಮಾತ್ರವಲ್ಲ. ಬೇಯುವಾಗ ಮೆತ್ತಗಾದ ಪಿಷ್ಟದ ಅಣುಗಳು ತಣಿದ ಮೇಲೆ ನಿಧಾನವಾಗಿ ಮತ್ತೆ ಒತ್ತಾಗಿ ಜೋಡಣೆಗೊಳ್ಳುತ್ತವೆ. ಈ ಕ್ರಿಯೆ ಫ್ರಿಜ್ಜಿನ ತಣ್ಪಿನಲ್ಲಿ ಹೆಚ್ಚು ವೇಗವಾಗಿ ನಡೆಯುವುದರಿಂದ ಫ್ರಿಜ್ಜಿನಲ್ಲಿಟ್ಟ ಬ್ರೆಡ್ ಬೇಗ ಬಿರುಸಾಗುತ್ತದೆ. ಹೀಗೆ ಗಟ್ಟಿಯಾದ ಹೋಳು ಹಾಲು-ಮೊಟ್ಟೆಯನ್ನು ಹೀರಿಕೊಂಡರೂ ತನ್ನ ಆಕಾರವನ್ನು ಉಳಿಸಿಕೊಳ್ಳುತ್ತದೆ. ಹೊಸ ಬ್ರೆಡ್ ನೆನೆದೊಡನೆ ಕುಸಿದು ಹರಿದುಹೋಗುತ್ತದೆ. ಹೊಸ ಬ್ರೆಡ್ ಮಾತ್ರ ಇದ್ದಲ್ಲಿ ಹೋಳುಗಳನ್ನು ಬರಿಯ ಕಾವಲಿಯ ಮೇಲೆ ಸ್ವಲ್ಪ ಬಿಸಿಮಾಡಿ ಒಣಗಿಸಿಕೊಳ್ಳಬಹುದು.

ತಂಗಳು ಬೇರೆ, ಕೆಟ್ಟದ್ದು ಬೇರೆ ಎಂಬುದನ್ನು ಇಲ್ಲಿ ಗಮನಿಸಬೇಕು. ಗಟ್ಟಿಯಾದ ಬ್ರೆಡ್ ತಿನ್ನಲು ಯೋಗ್ಯ. ಬೂಷ್ಟು ಹಿಡಿದ ಬ್ರೆಡ್ ಯೋಗ್ಯವಲ್ಲ. ಬೂಷ್ಟಿನ ಎಳೆಗಳು ಕಣ್ಣಿಗೆ ಕಾಣುವ ಕಲೆಯನ್ನು ಮೀರಿ ಒಳಗೆ ಹಬ್ಬಿರುತ್ತವೆ. ಅವು ಉಂಟುಮಾಡುವ ಕೆಲವು ವಿಷಗಳು ಕಾಯಿಸಿದರೂ ನಾಶವಾಗುವುದಿಲ್ಲ. ಆದ್ದರಿಂದ ಕಲೆ ಇರುವ ಭಾಗವನ್ನಷ್ಟೇ ಕತ್ತರಿಸಿ ಉಳಿದುದನ್ನು ಬಳಸುವುದು ಸುರಕ್ಷಿತವಲ್ಲ.

ಮನೆಯಲ್ಲಿ ತಯಾರಿಸುವ ಕ್ರಮ

ಬೇಕಾಗುವ ಪದಾರ್ಥಗಳು (ಇಬ್ಬರಿಗೆ):
- ಬ್ರೆಡ್ಡಿನ ಹೋಳು: 4
- ಮೊಟ್ಟೆ: 2
- ಹಾಲು: 120 ಮಿಲಿಲೀಟರ್ (ಸುಮಾರು ಅರ್ಧ ಲೋಟ)
- ಸಕ್ಕರೆ: 1 ದೊಡ್ಡ ಚಮಚ
- ಏಲಕ್ಕಿ ಅಥವಾ ಚಕ್ಕೆಯ ಪುಡಿ: ಕಾಲು ಚಿಕ್ಕ ಚಮಚ
- ಉಪ್ಪು: ಒಂದು ಚಿಟಿಕೆ
- ತುಪ್ಪ ಅಥವಾ ಬೆಣ್ಣೆ: 2 ದೊಡ್ಡ ಚಮಚ

ಅಗಲವಾದ ತಟ್ಟೆಯಲ್ಲಿ ಮೊಟ್ಟೆಗಳನ್ನು ಒಡೆದು, ಬಿಳಿಯ ಭಾಗದ ಎಳೆಗಳು ಉಳಿಯದಂತೆ ಚೆನ್ನಾಗಿ ಕಡೆಯಬೇಕು. ಅನಂತರ ಹಾಲು, ಸಕ್ಕರೆ, ಉಪ್ಪು ಮತ್ತು ಪುಡಿಯನ್ನು ಬೆರೆಸಬೇಕು. ಕಾವಲಿಯನ್ನು ಮಧ್ಯಮಕ್ಕಿಂತ ತುಸು ಕಡಿಮೆ ಉರಿಯಲ್ಲಿ ಕಾಯಲಿಟ್ಟು, ಹೋಳುಗಳನ್ನು ಮಿಶ್ರಣದಲ್ಲಿ ಅದ್ದಬೇಕು. ಅಂಗಡಿಯ ತೆಳು ಹೋಳಿಗೆ ಪ್ರತಿ ಬದಿಗೆ 15ರಿಂದ 20 ಸೆಕೆಂಡು ಸಾಕು. ಬೆರಳು ದಪ್ಪದ ಗಟ್ಟಿ ಹೋಳಿಗೆ ಕೆಲವು ನಿಮಿಷಗಳು ಬೇಕಾಗುತ್ತವೆ. ಹೆಚ್ಚಾದ ಮಿಶ್ರಣ ಸೋರಿಹೋಗುವಂತೆ ಹೋಳನ್ನು ಎತ್ತಿಹಿಡಿದು, ತುಪ್ಪ ಸವರಿದ ಕಾವಲಿಯ ಮೇಲೆ ಹಾಕಬೇಕು. 2ರಿಂದ 3 ನಿಮಿಷ ಕಾದು ತಳ ಹೊಂಬಣ್ಣಕ್ಕೆ ಬಂದ ಮೇಲೆ ಒಮ್ಮೆ ಮಗುಚಿ, ಇನ್ನೊಂದು ಬದಿಯನ್ನೂ ಅಷ್ಟೇ ಹೊತ್ತು ಕಾಯಿಸಬೇಕು. ಬಿಸಿಯಿರುವಾಗಲೇ ಜೇನುತುಪ್ಪ ಅಥವಾ ಹಣ್ಣಿನೊಂದಿಗೆ ಬಡಿಸಬೇಕು.

ಕಾಯುವಾಗ ಆಗುವ ಬದಲಾವಣೆಗಳು

ಮೊಟ್ಟೆಯ ಪ್ರೋಟೀನುಗಳು ಶಾಖಕ್ಕೆ ಬಿಚ್ಚಿಕೊಂಡು, ಒಂದಕ್ಕೊಂದು ಹೆಣೆದು ಜಾಲವಾಗುತ್ತವೆ; ಹಾಲಿನ ನೀರು ಆ ಜಾಲದಲ್ಲಿ ಸೆರೆಯಾಗುವುದರಿಂದ ಒಳಭಾಗ ಮೃದುವಾಗಿ ಗಟ್ಟಿಗೊಳ್ಳುತ್ತದೆ. ಹಾಲು ಮತ್ತು ಸಕ್ಕರೆ ಸೇರಿದಾಗ ಈ ಗಟ್ಟಿಗೊಳ್ಳುವಿಕೆಗೆ ಇನ್ನಷ್ಟು ಹೆಚ್ಚಿನ ಶಾಖ ಬೇಕಾಗುತ್ತದೆ. ಹೊರಮೈಯ ಬಣ್ಣಕ್ಕೂ ಪರಿಮಳಕ್ಕೂ ಮುಖ್ಯ ಕಾರಣ, ಪ್ರೋಟೀನು ಮತ್ತು ಸಕ್ಕರೆಗಳ ನಡುವೆ ನಡೆಯುವ ಮೈಯಾರ್ ಕ್ರಿಯೆ. ಉರಿ ಹೆಚ್ಚಾದರೆ ಒಳಗೆ ಬೇಯುವ ಮೊದಲೇ ಹೊರಗೆ ಕರಕಾಗುತ್ತದೆ. ಬೆಣ್ಣೆಯಲ್ಲಿರುವ ಹಾಲಿನ ಘನಾಂಶ ಬೇಗ ಸೀಯುತ್ತದೆ. ಆ ಅಂಶವನ್ನು ಸೋಸಿ ತೆಗೆದ ತುಪ್ಪ ಹೆಚ್ಚು ಶಾಖವನ್ನು ತಡೆದುಕೊಳ್ಳುತ್ತದೆ.

ಹಸಿ ಮೊಟ್ಟೆಯಲ್ಲಿ ಸಾಲ್ಮೊನೆಲ್ಲ ಎಂಬ ರೋಗಕಾರಕ ಬ್ಯಾಕ್ಟೀರಿಯ ಇರುವ ಸಾಧ್ಯತೆಯಿದೆ. ಒಳಭಾಗ ಸುಮಾರು 71 ಡಿಗ್ರಿ ಸೆಲ್ಸಿಯಸ್ ತಲುಪಿದರೆ ಅದು ಸಾಯುತ್ತದೆ. ಮಧ್ಯದಲ್ಲಿ ಒತ್ತಿದಾಗ ದ್ರವ ಹೊರಬರುತ್ತಿದ್ದರೆ ಇನ್ನೂ ಕಾಯಿಸಬೇಕು. ಮಕ್ಕಳು, ಗರ್ಭಿಣಿಯರು ಮತ್ತು ವೃದ್ಧರಿಗೆ ಬಡಿಸುವಾಗ ಈ ಎಚ್ಚರಿಕೆ ಅತ್ಯಗತ್ಯ. ಉಳಿದ ಮಿಶ್ರಣವನ್ನು ಹೊರಗೆ ಇಡದೆ ಅಂದೇ ಬಳಸಬೇಕು.

ಪ್ರಾದೇಶಿಕ ರೂಪಗಳು

ಸ್ಪೇನಿನಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚಿನ ಪವಿತ್ರ ವಾರದಲ್ಲಿ ತೊರ್ರಿಹಾಸ್ ವಿಶೇಷ. ಬ್ರೆಡ್ಡನ್ನು ಹಾಲು ಅಥವಾ ಮದ್ಯದಲ್ಲಿ ನೆನೆಸಿ, ಮೊಟ್ಟೆಯಲ್ಲಿ ಅದ್ದಿ, ಎಣ್ಣೆಯಲ್ಲಿ ಕರಿಯುತ್ತಾರೆ. ಪೋರ್ಚುಗಲ್ ಮತ್ತು ಬ್ರೆಜಿಲ್‌ಗಳಲ್ಲಿ ರಬನಾದ ಕ್ರಿಸ್ಮಸ್ ಹಬ್ಬದ ತಿನಿಸು. ಅಮೆರಿಕ ಮತ್ತು ಕೆನಡಗಳಲ್ಲಿ ಮೇಪಲ್ ಮರದ ರಸದ ಪಾಕವನ್ನು ಸುರಿಯುವುದು ವಾಡಿಕೆ. ಹಾಂಗ್‌ಕಾಂಗಿನ ಚಹಾದ ಅಂಗಡಿಗಳಲ್ಲಿ ಎರಡು ಹೋಳುಗಳ ನಡುವೆ ಕಡಲೆಕಾಯಿ ಬೆಣ್ಣೆ ಹಚ್ಚಿ ಕರಿಯುತ್ತಾರೆ.

ಭಾರತದಲ್ಲಿ ಸಿಹಿಯ ಜೊತೆಗೆ ಖಾರದ ರೂಪವೂ ಸಾಮಾನ್ಯ. ಮೊಟ್ಟೆಗೆ ಸಣ್ಣಗೆ ಹೆಚ್ಚಿದ ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು ಮತ್ತು ಉಪ್ಪು ಸೇರಿಸಿ ದೋಸೆಯ ಕಾವಲಿಯ ಮೇಲೆಯೇ ಮಾಡುತ್ತಾರೆ. ಮೊಟ್ಟೆ ತಿನ್ನದವರು ಖಾರದ ರೂಪಕ್ಕೆ ಕಡಲೆಹಿಟ್ಟನ್ನೂ ಸಿಹಿಗೆ ಹಾಲಿನಲ್ಲಿ ಕಲಸಿದ ಕಸ್ಟರ್ಡ್ ಪುಡಿಯನ್ನೂ ಬಳಸುತ್ತಾರೆ. ಇಲ್ಲಿ ಮೊಟ್ಟೆಯ ಪ್ರೋಟೀನು ಮಾಡುವ ಕೆಲಸವನ್ನು ಹಿಟ್ಟು ಮಾಡುತ್ತದೆ. ಹೈದರಾಬಾದಿನ 'ಡಬಲ್ ಕಾ ಮೀಠಾ' ಮೊಟ್ಟೆಯಿಲ್ಲದ ಬೇರೆಯೇ ಸಿಹಿಯಾದರೂ, ಕರಿದ ಬ್ರೆಡ್ಡನ್ನು ಹಾಲು ಮತ್ತು ಪಾಕದಲ್ಲಿ ನೆನೆಸುವ ಕ್ರಮದಿಂದ ಇದಕ್ಕೆ ಹತ್ತಿರವಾಗಿದೆ.

ಸಾರ್ವಜನಿಕ ಜೀವನದಲ್ಲಿ

1979ರ ಹಾಲಿವುಡ್ ಚಿತ್ರ 'ಕ್ರೇಮರ್ ವರ್ಸಸ್ ಕ್ರೇಮರ್'ನಲ್ಲಿ, ಪತ್ನಿ ಮನೆ ಬಿಟ್ಟುಹೋದ ಮರುದಿನ ತಂದೆಯು ಮಗನಿಗಾಗಿ ಫ್ರೆಂಚ್ ಟೋಸ್ಟ್ ಮಾಡಲು ಹೋಗಿ ಎಲ್ಲವನ್ನೂ ಕೆಡಿಸುತ್ತಾನೆ. ಚಿತ್ರದ ಕೊನೆಯ ಭಾಗದಲ್ಲಿ ತಂದೆ-ಮಗ ಇಬ್ಬರೂ ಅದನ್ನೇ ಮಾತಿಲ್ಲದೆ, ಹದವಾಗಿ ಮಾಡುತ್ತಾರೆ. 2003ರಲ್ಲಿ ಇರಾಕ್ ಯುದ್ಧವನ್ನು ಫ್ರಾನ್ಸ್ ವಿರೋಧಿಸಿದಾಗ, ಅಮೆರಿಕದ ಪ್ರತಿನಿಧಿ ಸಭೆಯ ಉಪಾಹಾರ ಗೃಹಗಳಲ್ಲಿ ಇದನ್ನು 'ಫ್ರೀಡಂ ಟೋಸ್ಟ್' ಎಂದು ಕರೆಯಲಾಯಿತು. 2006ರಲ್ಲಿ ಹಳೆಯ ಹೆಸರು ಮರಳಿತು.