ಬದು ಕಾಯುವ ಲಾವಂಚ

ಗ್ರಂಧಿಗೆ ಅಂಗಡಿಯಲ್ಲಿ ಕಟ್ಟುಕಟ್ಟಾಗಿ ಸಿಗುವ ಲಾವಂಚದ ಬೇರು ಯಾರಿಗೆ ಗೊತ್ತಿಲ್ಲ? ಬೇಸಿಗೆಯಲ್ಲಿ ಕುಡಿಯುವ ನೀರಿಗೆ ಹಾಕುತ್ತೇವೆ, ಕಿಟಕಿಗೆ ತಟ್ಟಿ ಕಟ್ಟಿ ನೀರು ಚಿಮುಕಿಸುತ್ತೇವೆ, ಸಭೆಯಲ್ಲಿ ಅತಿಥಿಗಳ ಕೊರಳಿಗೆ ಹಾರ ಹಾಕುತ್ತೇವೆ. ಆಯುರ್ವೇದದವರಿಗೆ ಇದು ಉಶೀರ. ಜ್ವರದ ಬಾಯಾರಿಕೆಗೆ ಕೊಡುವ ಷಡಂಗ ಪಾನೀಯದ ಆರು ದ್ರವ್ಯಗಳಲ್ಲೊಂದು. ಆದರೆ ಹೊಲದಲ್ಲಿ ನಿಂತ ಗಿಡವನ್ನು ತೋರಿಸಿದರೆ ಗುರುತು ಹಿಡಿಯುವವರು ಕಡಿಮೆ.

ತಪ್ಪೇನಿಲ್ಲ, ನೋಡಲು ಅದು ಯಾವುದೋ ಕಾಡುಹುಲ್ಲು. ಒತ್ತಾದ ಬುಡ, ಸೆಟೆದು ನಿಂತ ಉದ್ದನೆಯ ಗರಿ. ಜೋಳ, ನಿಂಬೆಹುಲ್ಲುಗಳ ಬಳಗವೇ ಆದರೂ ಗರಿ ಉಜ್ಜಿದರೆ ಪರಿಮಳವಿಲ್ಲ. ಇರುವ ಗಂಧವೆಲ್ಲ ನೆಲದೊಳಗೆ. ನದಿದಂಡೆ, ಜೌಗು ನೆಲ ಇದರ ಮೂಲ ನೆಲೆ. ಹದವಾದ ಮಣ್ಣು ಸಿಕ್ಕರೆ ಬೇರು ಮೂರು ಮೀಟರಿಗೂ ಆಳಕ್ಕೆ, ಹೆಚ್ಚುಕಮ್ಮಿ ನೇರವಾಗಿ ಇಳಿಯುತ್ತದೆ. ಚಿಗುರುವ ಬುಡ ಮಣ್ಣಿನೊಳಗಿರುವುದರಿಂದ ದನ ಮೇದರೂ ಬೆಂಕಿ ಬಿದ್ದರೂ ಸಾಯುವುದಿಲ್ಲ. ನೆರೆಯನ್ನೂ ತಾಳುತ್ತದೆ, ಬರವನ್ನೂ ತಾಳುತ್ತದೆ. ನೆರಳು ಮಾತ್ರ ಆಗದು.

ಉತ್ತರ ಭಾರತದ ಲಾವಂಚ ಹೂಬಿಟ್ಟು ಬೀಜ ಕಟ್ಟುತ್ತದೆ. ಕನೌಜಿನ ಅತ್ತರಿನವರು ತಾಮ್ರದ ಹಂಡೆಗಳಲ್ಲಿ ಭಟ್ಟಿ ಇಳಿಸುವ ಖಸ್ ಇದೇ; ಆ ಎಣ್ಣೆಗೆ ಹಸಿರು ಛಾಯೆ ಬರುವುದು ತಾಮ್ರದಿಂದ. ದಕ್ಷಿಣದ ತಳಿ ಹೂಬಿಡುವುದೇ ಅಪರೂಪ, ಬಿಟ್ಟರೂ ಬೀಜ ಮೊಳೆಯುವುದಿಲ್ಲ. ಗರಿಕೆಯಂತೆ ಹಬ್ಬುವುದೂ ಇಲ್ಲ. ನೆಟ್ಟ ಜಾಗ ಬಿಟ್ಟು ಕದಲದ ಈ ಗುಣವೇ ಹೊಲದ ಬದುವಿಗೆ ಬೇಕಾದದ್ದು.

1980ರ ದಶಕದಲ್ಲಿ ವಿಶ್ವಬ್ಯಾಂಕಿನ ಜಾನ್ ಗ್ರೀನ್‌ಫೀಲ್ಡ್ ಮತ್ತು ರಿಚರ್ಡ್ ಗ್ರಿಮ್‌ಶಾ ಮಣ್ಣು ಕೊಚ್ಚಿಹೋಗದಂತೆ ತಡೆಯಲು ಲಾವಂಚ ನೆಡಿ ಎಂದು ಭಾರತದಲ್ಲಿ ಹೇಳತೊಡಗಿದರು. ಗ್ರೀನ್‌ಫೀಲ್ಡ್ ಅದಕ್ಕೂ ಮುಂಚೆ, 1950ರ ದಶಕದಲ್ಲಿ, ಫಿಜಿಯ ಕಬ್ಬಿನ ತೋಟಗಳಲ್ಲಿ ಇದನ್ನು ಬಳಸಿ ನೋಡಿದ್ದವರು. ನಮ್ಮ ಗುಂಡ್ಲುಪೇಟೆ ಸೀಮೆಯ ರೈತರಾದರೋ ತಲೆಮಾರುಗಳಿಂದ ಹೊಲದ ಎಲ್ಲೆಗೆ ಇದನ್ನೇ ನೆಟ್ಟುಕೊಂಡು ಬಂದಿದ್ದರು. ತಜ್ಞರು ಕಂಡುಹಿಡಿದರು ಎನ್ನುವುದಕ್ಕಿಂತ, ತಜ್ಞರ ಕಣ್ಣಿಗೆ ಬಿತ್ತು ಎನ್ನುವುದು ಸರಿ. ಮುಂದೆ ಥಾಯ್ಲೆಂಡಿನ ದೊರೆ ಭೂಮಿಬೋಲ್ ಇದನ್ನು ಕೈಗೆತ್ತಿಕೊಂಡರು. 1996ರಲ್ಲಿ ಲಾವಂಚದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ ನಡೆದದ್ದು ಅಲ್ಲಿನ ಚಿಯಾಂಗ್ ರಾಯ್‌ನಲ್ಲಿ.

ಬದುವಿನ ಲೆಕ್ಕ ಸರಳ. ಇಳಿಜಾರಿಗೆ ಅಡ್ಡಲಾಗಿ, ಸಮಮಟ್ಟದ ಗೆರೆಯಲ್ಲಿ, ಗೇಣಿಗಿಂತ ಕಡಿಮೆ ಅಂತರದಲ್ಲಿ ನೆಡಬೇಕು. ಎರಡು ಮೂರು ವರ್ಷದಲ್ಲಿ ಬುಡಗಳು ಒಂದಕ್ಕೊಂದು ಕೂಡಿ ಜೀವಂತ ಬೇಲಿಯಾಗುತ್ತದೆ. ಮಳೆನೀರು ಅದರ ಮೂಲಕ ಸೋಸಿ ನಿಧಾನವಾಗಿ ಇಳಿಯುತ್ತದೆ, ಮಣ್ಣು ಹಿಂದೆಯೇ ಉಳಿಯುತ್ತದೆ. ವರ್ಷ ವರ್ಷ ಹೀಗೆ ಸೇರಿದ ಮಣ್ಣಿನಿಂದ ಹೊಲ ತಾನಾಗಿ ಮೆಟ್ಟಿಲು ಮೆಟ್ಟಿಲಾಗುತ್ತದೆ. ಮೊದಲ ಮಳೆಗಾಲದಲ್ಲಿ ಕಳೆ ತೆಗೆದು, ಸತ್ತ ಕಡೆ ಮರುನಾಟಿ ಮಾಡಬೇಕು. ಇಲ್ಲವಾದರೆ ಒಂದು ಕಿಂಡಿಯಲ್ಲೇ ನೀರೆಲ್ಲ ನುಗ್ಗುತ್ತದೆ. ಎಳೆ ಗರಿ ದನಕ್ಕೆ, ಬಲಿತದ್ದು ಮುಚ್ಚಿಗೆಗೆ.

ಬೇರಿಗಾಗಿ ಬೆಳೆಯುವವರ ದಾರಿ ಬೇರೆ. ಅವರಿಗೆ ಮರಳು ಮಿಶ್ರಿತ ಸಡಿಲ ಮಣ್ಣು ಬೇಕು. ಜೇಡಿಯಲ್ಲಿ ನೆಟ್ಟರೆ ಕೀಳುವಾಗ ಅರ್ಧ ಬೇರು ಒಳಗೇ ಉಳಿಯುತ್ತದೆ. ಸಾಮಾನ್ಯವಾಗಿ ಒಂದೂವರೆ ವರ್ಷಕ್ಕೆ ಕೊಯ್ಲು. ಲಖನೌದ ಸಿಮ್ಯಾಪ್ ಸಂಸ್ಥೆ ಎಣ್ಣೆಗೆಂದೇ ಧಾರಿಣಿ, ಗುಲಾಬಿ, ಕೇಸರಿ ಮುಂತಾದ ತಳಿಗಳನ್ನು ಕೊಟ್ಟಿದೆ. ಭಟ್ಟಿಯಲ್ಲಿ ಹದಿನೈದು ಗಂಟೆಗೂ ಮಿಕ್ಕಿ ಬೇಯಿಸಿದರೂ ನೂರು ಕಿಲೋ ಒಣಬೇರಿಗೆ ಒಂದು ಕಿಲೋ ಎಣ್ಣೆ ಸಿಕ್ಕರೆ ಹೆಚ್ಚು.

ಇಲ್ಲೊಂದು ಎಚ್ಚರ ಬೇಕು. ಮಣ್ಣು ಹಿಡಿಯುವ ಹುಲ್ಲನ್ನು ಬೇರುಸಮೇತ ಅಗೆದರೆ ಅದೇ ಮಣ್ಣು ಸಡಿಲವಾಗುತ್ತದೆ. ಲಾವಂಚದ ಎಣ್ಣೆಗೆ ಹೆಸರಾದ ಹೈಟಿಯ ಗುಡ್ಡಗಳಲ್ಲಿ ಆಗುತ್ತಿರುವುದು ಇದೇ: ಬಡ ರೈತರು ಹಣದ ತುರ್ತಿಗೆ ಬಲಿಯುವ ಮೊದಲೇ ಬೇರು ಅಗೆಯುತ್ತಾರೆ, ಮಳೆಗೆ ಇಳಿಜಾರು ಕೊಚ್ಚಿಹೋಗುತ್ತದೆ. ಒಂದೇ ಸಾಲಿನಿಂದ ಎರಡೂ ಲಾಭ ಸಿಗುತ್ತದೆ ಎಂದು ಆಸೆ ಹುಟ್ಟಿಸುವವರನ್ನು ನಂಬಬೇಡಿ. ಬದುವಿನದು ಬದುವಿಗೇ ಇರಲಿ. ಬೇರು ಬೇಕಿದ್ದರೆ ಸಮತಟ್ಟಾದ ಮರಳು ನೆಲದಲ್ಲಿ ಅಥವಾ ಮರಳು ತುಂಬಿದ ಚೀಲಗಳಲ್ಲಿ ಬೇರೆಯಾಗಿ ಬೆಳೆಯಿರಿ.

ಬೀಜ ಹುಡುಕುತ್ತ ಹೋಗಬೇಡಿ. ದಕ್ಷಿಣದ ತಳಿಯ ಹಳೆಯ ಬುಡವೊಂದನ್ನು ಸೀಳಿ, ಎರಡು ಮೂರು ತೆಂಡೆಗಳ ತುಂಡು ಮಾಡಿ, ಗರಿಯನ್ನು ಗೇಣುದ್ದಕ್ಕೆ ಕತ್ತರಿಸಿ, ಮುಂಗಾರು ಹಿಡಿದ ಕೂಡಲೇ ನೆಡಿ.