ಐದನೇ ಚಕ್ರವನ್ನು ಬಿಟ್ಟುಕೊಡಬೇಡಿ

ಟೈರಿಗೆ ಆಗುವ ಗಾಯ ಎರಡು ಬಗೆ. ಒಂದು ಮೊಳೆಯದು, ಇನ್ನೊಂದು ಗುಂಡಿಯದು. ಮೊಳೆ ಚುಚ್ಚುವುದು ನೆಲಕ್ಕೆ ತಾಗುವ ದಪ್ಪ ಭಾಗಕ್ಕೆ. ಟ್ಯೂಬ್‌ಲೆಸ್ ಟೈರಾದರೆ ಮೊಳೆ ಅಲ್ಲೇ ಕಚ್ಚಿಕೊಂಡಿರುತ್ತದೆ, ಗಾಳಿ ನಿಧಾನವಾಗಿ ಸೋರುತ್ತದೆ. ಎಷ್ಟೋ ಸಲ ಹೇಗೋ ಮನೆ ಮುಟ್ಟಿ, ಮರುದಿನ ಬೆಳಿಗ್ಗೆ ಪಂಚರ್ ಹಾಕಿಸಿದರೂ ನಡೆಯುತ್ತದೆ. ಗುಂಡಿಯ ಏಟು ಹಾಗಲ್ಲ. ವೇಗದಲ್ಲಿ ಬಂದ ಚಕ್ರ ಗುಂಡಿಯ ಅಂಚಿಗೆ ಬಡಿದರೆ, ರಿಮ್ಮಿಗೂ ಡಾಂಬರಿನ ಅಂಚಿಗೂ ನಡುವೆ ಟೈರಿನ ಪಕ್ಕದ ಗೋಡೆ ಸಿಕ್ಕಿ ಜಜ್ಜಿಹೋಗುತ್ತದೆ. ಒಳಗಿನ ನೂಲಿನ ಪದರ ತುಂಡಾಗುತ್ತದೆ. ಕೆಲವೊಮ್ಮೆ ಅಲ್ಲೇ ಸೀಳುತ್ತದೆ, ಕೆಲವೊಮ್ಮೆ ಉಬ್ಬಿಕೊಂಡು, ನಾವು ಮರೆತಿರುವಾಗ ಸಿಡಿಯುತ್ತದೆ. ಪಕ್ಕದ ಗೋಡೆಗೆ ಆದ ಈ ಗಾಯಕ್ಕೆ ಯಾವ ಪಂಚರ್ ಅಂಗಡಿಯಲ್ಲೂ ಮದ್ದಿಲ್ಲ. ಟೈರೇ ಹೋಗಬೇಕು, ಬೇರೆಯದು ಬರಬೇಕು.

ರನ್‌ಫ್ಲ್ಯಾಟ್ ಟೈರು ಮೇಲೋ, ಸ್ಟೆಪ್ನಿ ಮೇಲೋ ಎಂಬ ಚರ್ಚೆಯನ್ನು ಇಲ್ಲಿಂದಲೇ ಶುರು ಮಾಡಬೇಕು. ಸ್ಟೆಪ್ನಿಯ ಬದಲಿಗೆ ಕಾರು ಕಂಪನಿಯವರು ಕೊಡುವ ಬಹುತೇಕ ಉಪಾಯಗಳು ಮೊಳೆಯನ್ನು ಮನಸ್ಸಿನಲ್ಲಿಟ್ಟು ಮಾಡಿದವು. ಆದರೆ ಮಳೆಗಾಲದ ರಾತ್ರಿ ಘಾಟಿಯ ತಿರುವಿನಲ್ಲಿ ನಮ್ಮನ್ನು ಕೈಕಟ್ಟಿ ನಿಲ್ಲಿಸುವುದು ನೀರು ತುಂಬಿ ಕಾಣದಂತಾದ ಗುಂಡಿ.

ರನ್‌ಫ್ಲ್ಯಾಟ್ ಟೈರಿನ ಗುಟ್ಟು ಇರುವುದು ಅದರ ಪಕ್ಕದ ಗೋಡೆಯಲ್ಲಿ. ಸಾಮಾನ್ಯ ಟೈರಿನಲ್ಲಿ ಕಾರಿನ ಭಾರ ಹೊರುವುದು ಗಾಳಿ. ಗಾಳಿ ಹೋದರೆ ಗೋಡೆ ಮಡಚಿ, ರಿಮ್ಮಿನಡಿ ಸಿಕ್ಕಿ ಸ್ವಲ್ಪ ದೂರದಲ್ಲೇ ಚಿಂದಿಯಾಗುತ್ತದೆ. ರನ್‌ಫ್ಲ್ಯಾಟ್‌ನ ಗೋಡೆಯನ್ನು ಗಟ್ಟಿ ರಬ್ಬರಿನಿಂದ ದಪ್ಪಗೆ ಕಟ್ಟಿರುತ್ತಾರೆ. ಗಾಳಿ ಪೂರ್ತಿ ಹೋದರೂ ಆ ಗೋಡೆಯೇ ಭಾರ ಹೊತ್ತು ನಿಲ್ಲುತ್ತದೆ. ಆದರೆ ಗಾಳಿಯಿಲ್ಲದೆ ಉರುಳುವಾಗ ಗೋಡೆ ಪ್ರತಿ ಸುತ್ತಿಗೂ ಬಾಗಿ ಬಿಸಿಯಾಗುತ್ತದೆ. ಬಿಸಿ ಏರಿದಂತೆ ರಬ್ಬರು ಸೋಲುತ್ತದೆ. ಅದಕ್ಕೇ ಸಾಮಾನ್ಯವಾಗಿ ಗಂಟೆಗೆ 80 ಕಿ.ಮೀ. ಮೀರದ ವೇಗದಲ್ಲಿ, ಸುಮಾರು 80 ಕಿ.ಮೀ. ದೂರದವರೆಗೆ ಮಾತ್ರ ಎಂಬ ಮಿತಿ. ಕಾರಿನಲ್ಲಿ ಐದು ಜನ, ಹಿಂದೆ ತುಂಬಿದ ಲಗೇಜು ಇದ್ದರೆ ಆ ದೂರ ಇನ್ನೂ ಕಡಿಮೆ. ಗಾಳಿ ಹೋದದ್ದು ಚಾಲಕನಿಗೆ ಗೊತ್ತೇ ಆಗದಷ್ಟು ಗೋಡೆ ಗಟ್ಟಿ ಇರುವುದರಿಂದ, ಗಾಳಿಯ ಒತ್ತಡ ತೋರಿಸುವ ಸೆನ್ಸರ್ ಇಲ್ಲದೆ ಈ ಟೈರು ಬಳಸುವಂತೆಯೇ ಇಲ್ಲ.

ಯೋಚನೆ ಹೊಸದಲ್ಲ. 1970ರ ದಶಕದಲ್ಲೇ ಬ್ರಿಟನ್ನಿನ ಡನ್‌ಲಪ್ ಕಂಪನಿ ‘ಡೆನೋವೊ’ ಎಂಬ ಟೈರು ತಂದಿತ್ತು. 1997ರಲ್ಲಿ ಅಮೆರಿಕದ ಶೆವ್ರೊಲೆ ಕಾರ್ವೆಟ್ ಸ್ಟೆಪ್ನಿಯೇ ಇಲ್ಲದೆ, ರನ್‌ಫ್ಲ್ಯಾಟ್ ಟೈರಿನ ಮೇಲೆ ಮಾರುಕಟ್ಟೆಗೆ ಬಂತು. 2000ದ ದಶಕದಲ್ಲಿ ಬಿಎಂಡಬ್ಲ್ಯು ತನ್ನ ಹಲವು ಮಾದರಿಗಳಿಗೆ ಅದನ್ನೇ ಹಾಕಿತು. ಈ ಕಥೆಯಲ್ಲಿ ನಾವು ಗಮನವಿಟ್ಟು ಓದಬೇಕಾದ ಅಧ್ಯಾಯ ಮಿಶೆಲಿನ್ ಕಂಪನಿಯ ‘ಪ್ಯಾಕ್ಸ್’. ಅದರಲ್ಲಿ ಗೋಡೆಯ ಬದಲು ರಿಮ್ಮಿನ ಸುತ್ತ ಕೂರಿಸಿದ ಉಂಗುರವೊಂದು ಭಾರ ಹೊರುತ್ತಿತ್ತು. ತಾಂತ್ರಿಕವಾಗಿ ಸೊಗಸಾದ ಕೆಲಸ. ಆದರೆ ಆ ಟೈರು ಬಿಚ್ಚಿ ಕೂರಿಸಲು ಬೇರೆಯೇ ಯಂತ್ರ ಬೇಕಿತ್ತು, ಅದನ್ನು ಇಟ್ಟುಕೊಂಡ ಅಂಗಡಿಗಳು ಕೆಲವೇ. ಹೋಂಡಾ ಒಡಿಸ್ಸಿ ವ್ಯಾನಿನ ಜೊತೆ ಈ ಟೈರು ಪಡೆದ ಅಮೆರಿಕನ್ನರು ದುಬಾರಿ ಬೆಲೆಗೂ ಅಂಗಡಿ ಹುಡುಕಾಟಕ್ಕೂ ಬೇಸತ್ತು ನ್ಯಾಯಾಲಯದವರೆಗೆ ಹೋದರು. ಕೊನೆಗೆ ಮಿಶೆಲಿನ್ ಪ್ಯಾಕ್ಸ್ ಅನ್ನು ಕೈಬಿಟ್ಟಿತು. ಅಷ್ಟು ಅನುಕೂಲವಿರುವ ದೇಶದಲ್ಲೇ ಟೈರಿನ ಹಣೆಬರಹ ಬರೆದದ್ದು ರಸ್ತೆ ಬದಿಯ ಅಂಗಡಿ.

ರನ್‌ಫ್ಲ್ಯಾಟ್‌ಗೆ ಸಲ್ಲಬೇಕಾದ ಮೆಚ್ಚುಗೆ ಸಲ್ಲಲೇಬೇಕು. ಬಂಡೀಪುರದ ಕಾಡಿನ ಹೆದ್ದಾರಿಗಳಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಹಗಲಲ್ಲೂ ಅಲ್ಲಿ ಗಾಡಿ ನಿಲ್ಲಿಸಿ ಇಳಿಯುವಂತಿಲ್ಲ. ರಾತ್ರಿ ಗೇಟು ಹಾಕುವ ಸ್ವಲ್ಪ ಮುಂಚೆ ಒಳಹೊಕ್ಕ ಕಾರಿನ ಟೈರಿಗೆ ಏನಾದರೂ ಚುಚ್ಚಿದರೆ, ಆನೆ ಓಡಾಡುವ ಜಾಗದಲ್ಲಿ ಜಾಕ್ ಹಿಡಿದು ಕೂರುವುದಕ್ಕಿಂತ ನಿಧಾನವಾಗಿ ಉರುಳುತ್ತಾ ಕಾಡು ದಾಟುವುದು ಎಷ್ಟೋ ಮೇಲು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಅಂಚಿನಲ್ಲಿ, ಪಕ್ಕದಲ್ಲೇ ಲಾರಿಗಳು ಗಾಳಿ ಸೀಳಿಕೊಂಡು ಹೋಗುವಾಗ, ನಟ್ಟು ಬಿಚ್ಚುತ್ತಾ ಬಗ್ಗಿ ಕೂರುವುದೂ ಜೀವಕ್ಕೆ ಅಪಾಯ. ರಾತ್ರಿ ಒಬ್ಬರೇ ಕಾರು ಓಡಿಸುವ ಹೆಣ್ಣುಮಕ್ಕಳಿಗೆ, ಸೊಂಟ ಬಗ್ಗಿಸಲಾಗದ ವಯಸ್ಸಿನವರಿಗೆ, ನಿಲ್ಲದೆ ಮುಂದೆ ಸಾಗುವ ಆ ಶಕ್ತಿ ದೊಡ್ಡ ಆಸರೆ. ಇದನ್ನು ಅಲ್ಲಗಳೆಯುವವರು ಅಂಥ ಜಾಗದಲ್ಲಿ ನಿಂತವರಲ್ಲ.

ಆದರೆ ಆಸರೆ 80 ಕಿ.ಮೀ.ಗೆ ಮುಗಿಯುತ್ತದೆ. ಶಿರಾಡಿಯಲ್ಲಿ ಟೈರು ಹೋದರೆ ಸಕಲೇಶಪುರವನ್ನೋ ಉಪ್ಪಿನಂಗಡಿಯನ್ನೋ ಮುಟ್ಟಬಹುದು. ಮುಟ್ಟಿದ ಮೇಲೆ? ಗಾಳಿಯಿಲ್ಲದೆ ಓಡಿದ ರನ್‌ಫ್ಲ್ಯಾಟ್‌ನ ಒಳಗೋಡೆಗೆ ಎಷ್ಟು ಪೆಟ್ಟಾಗಿದೆ ಎಂದು ಹೊರಗಿನಿಂದ ಕಾಣುವುದಿಲ್ಲ. ಹಾಗಾಗಿ ಅದನ್ನು ರಿಪೇರಿ ಮಾಡಿ ಮತ್ತೆ ಬಳಸಬೇಡಿ ಎನ್ನುತ್ತವೆ ಹೆಚ್ಚಿನ ಟೈರು ಕಂಪನಿಗಳು. ಹೊಸದೇ ಬೇಕು. ಚಿಕ್ಕ ಕಾರಿನ 14 ಇಂಚಿನ ಟೈರನ್ನು ತಾಲ್ಲೂಕು ಕೇಂದ್ರದ ಯಾವ ಅಂಗಡಿಯವರೂ ಒಳಗಿಂದ ತಂದುಕೊಡುತ್ತಾರೆ. 18 ಇಂಚಿನ ರನ್‌ಫ್ಲ್ಯಾಟ್ ಬೇಕೆಂದರೆ ಬೆಂಗಳೂರಿಗೋ ಮಂಗಳೂರಿಗೋ ಫೋನು ಮಾಡಬೇಕು. ಟೈರು ಬಂದರೂ, ಸಬ್ಬಲಿನಂಥ ಲಿವರ್ ಹಾಕಿ ಕೈಬಲದಿಂದ ಟೈರು ಎಬ್ಬಿಸುವ ಅಂಗಡಿಯಲ್ಲಿ ಆ ಗಟ್ಟಿ ಗೋಡೆ ಜಪ್ಪಯ್ಯ ಅಂದರೂ ಜಗ್ಗುವುದಿಲ್ಲ. ಅದಕ್ಕೆ ತಕ್ಕ ಯಂತ್ರ ಬೇಕು. ಮದುವೆಗೋ ಆಸ್ಪತ್ರೆಗೋ ಹೊರಟವರು ಅಲ್ಲಿಂದ ಬಸ್ಸು ಹತ್ತಬೇಕಷ್ಟೆ.

ಇನ್ನೊಂದು ತೊಂದರೆ ದಿನನಿತ್ಯದ್ದು. ಗೋಡೆ ಬಿಗಿಯಾದಷ್ಟೂ ಟೈರು ಏಟನ್ನು ತಾನು ನುಂಗದೆ ರಿಮ್ಮಿಗೂ ಸಸ್ಪೆನ್ಷನ್ನಿಗೂ ಕೂತವರ ಬೆನ್ನಿಗೂ ದಾಟಿಸುತ್ತದೆ. ರನ್‌ಫ್ಲ್ಯಾಟ್ ಹಾಕಿದ ಕಾರುಗಳಲ್ಲಿ ಅಲಾಯ್ ರಿಮ್ ಬಾಗುವುದು, ಸೀಳುವುದು ಕೇಳಿ ಬರುತ್ತಲೇ ಇರುತ್ತದೆ. ಅಂದಕ್ಕೆಂದು ರಿಮ್ಮನ್ನು ದೊಡ್ಡದು ಮಾಡುತ್ತಾ ಟೈರಿನ ಗೋಡೆಯನ್ನು ಗಿಡ್ಡ ಮಾಡುತ್ತಿರುವ ಇಂದಿನ ಶೋಕಿ ಇದಕ್ಕೆ ತುಪ್ಪ ಸುರಿಯುತ್ತಿದೆ. ಗೋಡೆ ಗಿಡ್ಡವಾದಷ್ಟೂ ಗುಂಡಿಗೂ ರಿಮ್ಮಿಗೂ ನಡುವಿನ ಅಂತರ ಕಡಿಮೆ.

ನನ್ನ ನಿಜವಾದ ಸಿಟ್ಟು ರನ್‌ಫ್ಲ್ಯಾಟ್ ಮೇಲಲ್ಲ. ಅದನ್ನು ಕೊಳ್ಳುವವರು ದೊಡ್ಡ ಕಾರಿನವರು, ಖರ್ಚು ತಡೆದುಕೊಳ್ಳಬಲ್ಲವರು. ಸಿಟ್ಟು ಇರುವುದು ಸ್ಟೆಪ್ನಿಯನ್ನು ಕೈಬಿಡಲು ಒಪ್ಪಿಗೆ ಕೊಟ್ಟ ನಿಯಮದ ಮೇಲೆ. ಕೇಂದ್ರ ಸರ್ಕಾರ ಮೋಟಾರು ವಾಹನ ನಿಯಮಕ್ಕೆ ತಂದ ತಿದ್ದುಪಡಿ 2020ರ ಅಕ್ಟೋಬರ್ 1ರಂದು ಜಾರಿಗೆ ಬಂತು. 3.5 ಟನ್ ಒಳಗಿನ ಪ್ರಯಾಣಿಕ ಕಾರಿಗೆ ಟ್ಯೂಬ್‌ಲೆಸ್ ಟೈರು, ಗಾಳಿಯ ಒತ್ತಡ ತೋರಿಸುವ ವ್ಯವಸ್ಥೆ ಮತ್ತು ಪಂಚರ್ ರಿಪೇರಿ ಕಿಟ್ ಇದ್ದರೆ ಸ್ಟೆಪ್ನಿ ಕಡ್ಡಾಯವಲ್ಲ ಎಂದಿತು. ರನ್‌ಫ್ಲ್ಯಾಟ್ ಕೊಡಿ ಎಂದು ಆ ನಿಯಮ ಕೇಳಲಿಲ್ಲ. ಹೀಗೆ ಸ್ಟೆಪ್ನಿ ಕಳೆದುಕೊಂಡ ಸಾಮಾನ್ಯ ಕಾರಿನವರ ಕೈಗೆ ಬಂದದ್ದು ಅಂಟುದ್ರವದ ಒಂದು ಬಾಟಲಿ, ಒಂದು ಪುಟ್ಟ ಗಾಳಿ ಪಂಪು.

ಆ ದ್ರವ ಮುಚ್ಚುವುದು ಟೈರಿನ ನೆಲಭಾಗದ ಸಣ್ಣ ತೂತನ್ನು, ಹೆಚ್ಚೆಂದರೆ 6 ಮಿ.ಮೀ.ವರೆಗಿನದನ್ನು. ಗೋಡೆ ಸೀಳಿದರೆ ಬಾಟಲಿ ಪೂರ್ತಿ ಸುರಿದರೂ ರಸ್ತೆ ಅಂಟಾದೀತು, ಕಾರು ಕದಲದು. ದ್ರವಕ್ಕೆ ಕೊನೆಯ ದಿನಾಂಕವೂ ಉಂಟು. ಕೆಲವೇ ವರ್ಷಗಳಲ್ಲಿ ಅದು ಬದಲಾಗಬೇಕೆಂದು ಎಷ್ಟು ಜನಕ್ಕೆ ಗೊತ್ತಿದೆ? ರನ್‌ಫ್ಲ್ಯಾಟ್ ಕನಿಷ್ಠ ಮುಂದಿನ ಊರಿಗಾದರೂ ಮುಟ್ಟಿಸುತ್ತದೆ. ಸೀಳಿದ ಟೈರಿನ ಮುಂದೆ ಕಿಟ್ ಏನೂ ಮಾಡಲಾರದು. ಸ್ಟೆಪ್ನಿ ಒಂದೇ ಎರಡೂ ಗಾಯಕ್ಕೆ ಉತ್ತರ.

ಜಾಗವಿಲ್ಲ, ತೂಕ ಹೆಚ್ಚುತ್ತದೆ ಎನ್ನುತ್ತಾರೆ. ಸಣ್ಣ ಕಾರಿನ ಸ್ಟೆಪ್ನಿ, ಜಾಕ್, ಸ್ಪ್ಯಾನರ್ ಎಲ್ಲ ಸೇರಿದರೂ ನಾಲ್ಕನೇ ತರಗತಿಯ ಮಗುವಿನಷ್ಟು ತೂಗಲಾರದು. ಅದನ್ನು ತೆಗೆದುಹಾಕಿದರೆ ಉಳಿಯುವ ಪೆಟ್ರೋಲು ಲೆಕ್ಕಕ್ಕೆ ಸಿಗುವಂಥದ್ದಲ್ಲ. ಜಾಗದ ಮಾತಿನಲ್ಲಿ ಸತ್ಯವಿದೆ. ವಿದ್ಯುತ್ ಕಾರಿನ ನೆಲದಡಿ ಬ್ಯಾಟರಿ ಹರಡಿಕೊಂಡಿರುತ್ತದೆ. ಆದರೆ ಮನಸ್ಸಿದ್ದರೆ ಜಾಗ ಸಿಗುತ್ತದೆ ಎಂಬುದಕ್ಕೂ ಉದಾಹರಣೆ ನಮ್ಮಲ್ಲೇ ಇದೆ. ಟಾಟಾ ಕಂಪನಿ 2023ರಲ್ಲಿ ಆಲ್ಟ್ರೋಜ್ ಕಾರಿನ ಡಿಕ್ಕಿಯ ತಳದಲ್ಲಿ ಎರಡು ಸಿಎನ್‌ಜಿ ಸಿಲಿಂಡರ್ ಕೂರಿಸಿದಾಗ ಸ್ಟೆಪ್ನಿಯನ್ನು ಕೈಬಿಡಲಿಲ್ಲ, ಕಾರಿನಡಿಗೆ ತೂಗುಹಾಕಿತು. ಇನ್ನೋವಾ ಮೊದಲಿಂದಲೂ ಅದನ್ನು ಹಾಗೆಯೇ ಹೊತ್ತು ತಿರುಗುತ್ತಿದೆ. ಪೂರ್ತಿ ಅಳತೆಯ ಚಕ್ರಕ್ಕೆ ಜಾಗವಿಲ್ಲದಿದ್ದರೆ ತೆಳುವಾದ ಸ್ಪೇಸ್ ಸೇವರ್ ಆದರೂ ಸೈ. ಅದನ್ನು ಹಾಕಿ 80ರ ವೇಗ ಮೀರುವಂತಿಲ್ಲ, ದಿನಗಟ್ಟಲೆ ಓಡಿಸುವಂತಿಲ್ಲ. ಆದರೂ ಮನೆ ಮುಟ್ಟಿಸುತ್ತದೆ.

ಆದ್ದರಿಂದ ನನ್ನ ತೀರ್ಪು ಸರಳ. ಕಾಡು, ಘಾಟಿ, ಹಳ್ಳಿ ರಸ್ತೆಗಳಲ್ಲಿ ಓಡಾಡುವ ಕುಟುಂಬಕ್ಕೆ ಸಾಮಾನ್ಯ ಟೈರು, ಒತ್ತಡದ ಸೆನ್ಸರ್ ಮತ್ತು ಒಂದು ಸ್ಟೆಪ್ನಿ, ಇದಕ್ಕಿಂತ ಒಳ್ಳೆಯ ಜೋಡಣೆ ಇಲ್ಲ. ರನ್‌ಫ್ಲ್ಯಾಟ್ ಕಾರು ಈಗಾಗಲೇ ಮನೆಗೆ ಬಂದಿದ್ದರೆ ಆ ಮಾದರಿಗೆ ಹೊಂದುವ ಸ್ಪೇಸ್ ಸೇವರ್ ಒಂದನ್ನು ಕೊಂಡು, ದೂರದ ಪ್ರಯಾಣಕ್ಕಾದರೂ ಜೊತೆಗಿಟ್ಟುಕೊಳ್ಳಿ. ರನ್‌ಫ್ಲ್ಯಾಟ್ ದುಬಾರಿ ಎಂದು ಸಾಮಾನ್ಯ ಟೈರು ಹಾಕಿಸಿ, ಸ್ಟೆಪ್ನಿಯೂ ಇಲ್ಲದೆ ಓಡಾಡುವುದು ಮಾತ್ರ ಬೇಡ. ಹೊಸ ಕಾರು ನೋಡಲು ಹೋದಾಗ ಡಿಕ್ಕಿಯ ಹಲಗೆ ಎತ್ತಿಸಿ ನೋಡಿ. ಅಲ್ಲಿ ಚಕ್ರವಿಲ್ಲದಿದ್ದರೆ ಬೇಕೆಂದು ಕೇಳಿ. ಕೇಳುವವರು ಹೆಚ್ಚಾದರೆ ಕೊಡುವವರೂ ಬರುತ್ತಾರೆ.

ಸ್ಟೆಪ್ನಿ ಇದ್ದೂ ಇಲ್ಲದಂತಾಗಬಾರದು. ವರ್ಷಗಟ್ಟಲೆ ಮುಟ್ಟದ ಸ್ಟೆಪ್ನಿಯಲ್ಲಿ ಗಾಳಿ ಇಳಿದಿರುತ್ತದೆ, ರಬ್ಬರು ಒಣಗಿರುತ್ತದೆ. ಟೈರಿನ ಗೋಡೆಯ ಮೇಲಿನ ನಾಲ್ಕು ಅಂಕಿ ಅದರ ವಯಸ್ಸು ಹೇಳುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಹತ್ತು ವರ್ಷ ದಾಟಿದ್ದನ್ನು, ಒಮ್ಮೆಯೂ ರಸ್ತೆ ಕಾಣದಿದ್ದರೂ, ನಂಬಬೇಡಿ. ಸರ್ವೀಸ್ ಸೆಂಟರಿನಲ್ಲಿ ಗಾಳಿ ಗನ್ನಿನಿಂದ ಬಿಗಿದ ನಟ್ಟು ಕೈಯ ಸ್ಪ್ಯಾನರಿಗೆ ಬಿಚ್ಚುತ್ತದೆಯೇ ಎಂದು ಬಿಡುವಿದ್ದ ದಿನ ಮನೆ ಮುಂದೆ ನೋಡಿಕೊಳ್ಳಿ. ಕಾರು ಓಡಿಸುವ ಮಗನಿಗೂ ಮಗಳಿಗೂ ಚಕ್ರ ಬದಲಿಸುವುದನ್ನು ಕಲಿಸಿಕೊಡಿ. ಮುಂದಿನ ಸಲ ಪೆಟ್ರೋಲ್ ಬಂಕಿನಲ್ಲಿ ಗಾಳಿ ಹಿಡಿಸುವಾಗ ನಾಲ್ಕಕ್ಕೇ ನಿಲ್ಲಿಸದೆ ಡಿಕ್ಕಿ ತೆಗೆಯಿರಿ, ಐದನೆಯದಕ್ಕೂ ಹಿಡಿಸಿ.