ಏಳು ದ್ವೀಪಗಳ ಮುಂಬಯಿ ಮತ್ತು ನಮ್ಮ ಆರೋಗ್ಯ

ಉದ್ಯೋಗವನ್ನರಸಿ ಬಂದ ನಮಗೆ ಆಶ್ರಯವಿತ್ತ ಮುಂಬಯಿಯು ಮೂಲತಃ ಒಂದೇ ಭೂಭಾಗವಾಗಿರಲಿಲ್ಲ. ಕೊಲಾಬಾ, ಚಿಕ್ಕ ಕೊಲಾಬಾ, ಮುಂಬಯಿ, ಮಜಗಾಂವ್, ಪರೇಲ್, ವರಳಿ, ಮಾಹಿಮ್ ಎಂಬ ಏಳು ದ್ವೀಪಗಳ ನಡುವೆ ಉಬ್ಬರದ ವೇಳೆ ಕಡಲು ನುಗ್ಗುತ್ತಿತ್ತು. ಇಳಿತದಲ್ಲಿ ಕೆಸರು ಉಳಿಯುತ್ತಿತ್ತು. ಕೋಳಿ ಜನಾಂಗದ ಬೆಸ್ತರು ಇಲ್ಲಿಯ ಪ್ರಾಚೀನ ನಿವಾಸಿಗಳು.

1534ರಲ್ಲಿ ಗುಜರಾತಿನ ಸುಲ್ತಾನ ಬಹಾದ್ದೂರ್ ಷಹನಿಂದ ಪೋರ್ಚುಗೀಸರ ವಶಕ್ಕೆ ಬಂದ ಮುಂಬಯಿಯು, 1661ರ ವಿವಾಹ ಒಪ್ಪಂದದ ಮೂಲಕ ಇಂಗ್ಲೆಂಡಿನ ಅರಸ ಎರಡನೆಯ ಚಾರ್ಲ್ಸನಿಗೆ ಸಂದಿತು. ಆತನು 1668ರಲ್ಲಿ ಇದನ್ನು ವರ್ಷಕ್ಕೆ ಕೇವಲ 10 ಪೌಂಡು ಗೇಣಿಗೆ ಈಸ್ಟ್ ಇಂಡಿಯಾ ಕಂಪನಿಗೆ ವಹಿಸಿದನು. ಹದಿನೆಂಟನೆಯ ಶತಮಾನದಲ್ಲಿ ಗವರ್ನರ್ ಹಾರ್ನ್‌ಬಿಯ ಕಾಲದ ಒಡ್ಡು ವರಳಿಯ ಬಳಿ ಕಡಲನ್ನು ತಡೆಯಿತು. 1838ರಲ್ಲಿ ಕೊಲಾಬಾ, 1845ರಲ್ಲಿ ಮಾಹಿಮ್ ಸೇತುದಾರಿಗಳು ಸಿದ್ಧವಾದವು.

ಹೀಗೆ ನೆಲ ದೊರೆಯಿತಾದರೂ ಅದರ ಬಹುಭಾಗವು ಉಬ್ಬರದ ಮಟ್ಟಕ್ಕಿಂತ ತಗ್ಗಾಗಿತ್ತು. ಆದ್ದರಿಂದ ಉಬ್ಬರದ ಹೊತ್ತಿನಲ್ಲಿ ಮಳೆಯಾದರೆ ಚರಂಡಿಯ ನೀರು ಕಡಲನ್ನು ಸೇರಲಾರದೆ ನಿಲ್ಲುತ್ತದೆ. ನಗರದ ಅನಾರೋಗ್ಯಕ್ಕೆ ಇದೊಂದು ಮುಖ್ಯ ಕಾರಣ.

1896ರಲ್ಲಿ ಮಾಂಡವಿಯ ಕಿಕ್ಕಿರಿದ ಚಾಳುಗಳಲ್ಲಿ ಕಾಣಿಸಿಕೊಂಡ ಪ್ಲೇಗನ್ನು ಡಾ. ಅಕಾಸಿಯೊ ವಿಯೆಗಸ್ ಗುರುತಿಸಿದರು. ಮರುವರ್ಷವೇ ಹಾಫ್‌ಕಿನ್‌ರವರು ತಾವು ಸಿದ್ಧಪಡಿಸಿದ ಲಸಿಕೆಯನ್ನು ಮೊದಲು ತಮ್ಮ ಮೇಲೆಯೇ ಪ್ರಯೋಗಿಸಿಕೊಂಡರು. 1898ರಲ್ಲಿ ಸ್ಥಾಪಿತವಾದ ನಗರ ಸುಧಾರಣಾ ಟ್ರಸ್ಟು, ಗಾಳಿ ಬೆಳಕುಗಳಿಗೆ ಆಸ್ಪದವಿರುವಂತೆ ದಾದರ್, ಮಾಟುಂಗಾಗಳಲ್ಲಿ ಹೊಸ ಬಡಾವಣೆಗಳನ್ನು ರಚಿಸಿತು. ಅನೇಕ ಕನ್ನಡ ಕುಟುಂಬಗಳಿಗೆ ನೆಲೆಯಾದ ಮಾಟುಂಗಾದ ಅಗಲವಾದ ರಸ್ತೆಗಳ ಹಿಂದೆ ಆ ಮಹಾಮಾರಿಯ ಪಾಠವಿದೆ.

ಆ ಪಾಠವನ್ನು ಮರೆಯುವಂತಿಲ್ಲ. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ 24 ತಾಸುಗಳಲ್ಲಿ 944 ಮಿಲಿಮೀಟರ್ ಮಳೆಯಾಯಿತು. ಮಿಠಿ ನದಿ ಉಕ್ಕಿತು. ನೆರೆ ಇಳಿದ ಬಳಿಕ ಲೆಪ್ಟೊಸ್ಪೈರೋಸಿಸ್, ಅಂದರೆ ಇಲಿಜ್ವರ, ಹಲವರನ್ನು ಬಲಿ ತೆಗೆದುಕೊಂಡಿತು. ಇಲಿಯ ಮೂತ್ರ ಬೆರೆತ ನೀರಿನಿಂದ, ಮುಖ್ಯವಾಗಿ ಚರ್ಮದ ಗಾಯದ ಮೂಲಕ, ಈ ರೋಗವು ದೇಹವನ್ನು ಪ್ರವೇಶಿಸುತ್ತದೆ. ನಿಂತ ನೀರಿನಲ್ಲಿ ನಡೆಯಬೇಕಾಗಿ ಬಂದವರು ಮನೆ ಸೇರಿದೊಡನೆ ಕಾಲುಗಳನ್ನು ಸಾಬೂನಿನಿಂದ ತೊಳೆದು, 3 ದಿನಗಳೊಳಗೆ ವೈದ್ಯರ ಸಲಹೆ ಪಡೆಯುವುದು ಲೇಸು. ಜ್ವರ ಬಂದರಂತೂ ತಡಮಾಡಲಾಗದು.

ನಾಲೆಗಳಿಗೆ ಕಸ ಸುರಿಯದಿರುವುದು, ಖಾರಿಯ ಅಂಚಿನ ಕಾಂಡ್ಲಾ ಗಿಡಗಳನ್ನು ಉಳಿಸುವುದು ಕೇವಲ ಸೌಂದರ್ಯದ ವಿಷಯವಲ್ಲ. ಕಡಲಿನಿಂದ ಪಡೆದ ನೆಲದಲ್ಲಿ ನೀರಿಗೆ ದಾರಿ ಬಿಡುವುದೇ ಆರೋಗ್ಯದ ಮೊದಲ ನಿಯಮ.